ಆರಕ್ಕೂ ಎಂಟಕ್ಕೂ ನಡುವೆ

ಶಿರಸ್ತೇದಾರ್ ವೆಂಕಟರವಣಪ್ಪ ಮೇಜಿನ ಮೇಲಿದ್ದ ಒಂದು ರೂಪಾಯಿ ನಾಣ್ಯವನ್ನು ಬೆರಳ ತುದಿಯಿಂದ ಕೋನಪ್ಪನ ಕಡೆಗೆ ತಳ್ಳಿದರು. ಕೋನಪ್ಪ ಅದನ್ನು ಮತ್ತೆ ಅವರ ಕಡೆಗೇ ತಳ್ಳಿದ. ಕಚೇರಿ ಬಾಗಿಲು ತೆಗೆದಾಗಿನಿಂದ ಇದೇ ಆಟ ನಡೆದಿತ್ತು.

"ನೀವು ರಿಟೈರಾದ ಇನ್ಸ್‌ಪೆಕ್ಟರು. ನಿಮಗೆ ನಾನು ಹೇಳಿಕೊಡ್ಬೇಕಾ ಕೋನಪ್ಪನವರೇ? ಕೇಸು ನಡೀತಾ ಐತೆ. ಆ ಕಾಗದ ಈಗ ಯಾರಿಗೂ ತೋರ್ಸಂಗಿಲ್ಲ."

"ತೋರ್ಸಂಗಿಲ್ಲ ಅಂತ ಎಲ್ಲಿ ಬರ್ದಿದೆ ತೋರ್ಸಿ. ಎದ್ದು ಹೋಗ್ತೀನಿ."

ಶಿರಸ್ತೇದಾರರ ತಲೆಯ ಹಿಂದೆಯೇ ನೋಟೀಸು ಹಲಗೆ ಇತ್ತು. ಉಪಚುನಾವಣೆಯಲ್ಲಿ ಗೆದ್ದವರು ಸೋತವರು ಎಲ್ಲರೂ ತಮ್ಮ ಖರ್ಚಿನ ಲೆಕ್ಕ ಒಪ್ಪಿಸಿದ್ದಾರೆ, ಒಂದು ರೂಪಾಯಿ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು ಎಂದು ಚುನಾವಣಾಧಿಕಾರಿಗಳೇ ರುಜು ಹಾಕಿ ಅಂಟಿಸಿದ್ದರು. ಅಂಟು ಬಿಟ್ಟು ಕಾಗದದ ಒಂದು ಮೂಲೆ ಫ್ಯಾನಿನ ಗಾಳಿಗೆ ಹಾರಾಡುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಮಾತನ್ನು ಕಟ್ಟಿದವನು ಇಂಥ ಯಾವುದೋ ಕಚೇರಿಯ ಬೆಂಚಿನ ಮೇಲೆಯೇ ಕೂತಿದ್ದಿರಬೇಕು.

ಕೋನಪ್ಪನಿಗೆ ಸಾಕಾಗಿತ್ತು. ಮಂಡಿ ನೋಯುತ್ತಿತ್ತು. ಸರ್ವೀಸಿನಲ್ಲಿದ್ದಾಗ ಒಂದು ಕೆಮ್ಮು ಕೆಮ್ಮಿದರೆ ಕಡತ ಎದುರಿಗೆ ಬರುತ್ತಿತ್ತು. ಪೆನ್ಷನ್ ಶುರುವಾದ ಮೇಲೆ ಕೆಮ್ಮಿದರೆ ಕಷಾಯ ಕುಡೀರಿ ಎನ್ನುತ್ತಾರೆ, ಅಷ್ಟೆ.

ಆ ರೂಪಾಯಿ ಅವನದ್ದಲ್ಲ, ಕೊಂಡಮ್ಮನದ್ದು. ಅವಳ ಗಂಡ ನಲ್ಲಪ್ಪ ಇದೇ ಕಚೇರಿಯಲ್ಲಿ ಚುನಾವಣೆ ಕಾಗದಗಳನ್ನು ಕಾಯುವ ಗುಮಾಸ್ತ. ಗೆದ್ದ ಅಭ್ಯರ್ಥಿಯ ಲೆಕ್ಕದಿಂದ ಒಂದು ಹಾಳೆ ಕಿತ್ತು ಸುಟ್ಟೆ ಎಂದು ಪೊಲೀಸರ ಮುಂದೆ ಒಪ್ಪಿಕೊಂಡು ಸಬ್‌ಜೈಲಿನಲ್ಲಿ ಕೂತಿದ್ದ. ನಾಡಿದ್ದು ಮ್ಯಾಜಿಸ್ಟ್ರೇಟರ ಮುಂದೆಯೂ ಅದನ್ನೇ ಹೇಳಿದನೆಂದರೆ ಮುಗಿಯಿತು. ಕೆಲಸವೂ ಹೋಯಿತು, ಮಾನವೂ ಹೋಯಿತು, ಅವನಿಗೆ ಜೈಲು, ಹೆಂಡತಿಗೆ ಬೀದಿ.

ಹೋದ ವಾರ ಅವಳು ಕೋನಪ್ಪನ ಜಗಲಿಯ ಮೇಲೆ ನಿಂತು ಸೆರಗಿನ ಗಂಟು ಬಿಚ್ಚಿದ್ದಳು. "ಒಂದು ರೂಪಾಯಿ ಕಟ್ಟಿದ್ರೆ ಯಾರ್ ಬೇಕಾದ್ರೂ ಆ ಲೆಕ್ಕ ನೋಡ್ಬೋದು ಸ್ವಾಮಿ. ನಮ್ಮೆಜಮಾನ್ರು ಕಳ್ಳತನ ಮಾಡೋರಲ್ಲ. ನೀವ್ ಒಂದ್ಸಲ ನೋಡಿ," ಎಂದಿದ್ದಳು. ಊರಿನ ಅರ್ಧ ಲಾಯರುಗಳಿಗೆ ಗೊತ್ತಿಲ್ಲದ ರೂಲು ಈ ಹೆಂಗಸಿಗೆ ಗೊತ್ತಿದೆಯಲ್ಲ ಎಂದು ಕೋನಪ್ಪನಿಗೆ ಆಶ್ಚರ್ಯವಾಗಿತ್ತು. ಗುಮಾಸ್ತನ ಹೆಂಡತಿ, ಗಂಡ ಹೇಳಿರುತ್ತಾನೆ ಎಂದು ಸುಮ್ಮನಾಗಿದ್ದ.

"ಆಯ್ತು ಶಿರಸ್ತೇದಾರ್ರೇ," ಎಂದ ಕೋನಪ್ಪ. "ತೋರ್ಸಬೇಡಿ. ತೋರ್ಸಲ್ಲ ಅಂತ ಒಂದು ಹಿಂಬರಹ ಬರೆದು, ರುಜು ಹಾಕಿ, ಸೀಲು ಒತ್ತಿ ಕೊಟ್ಬಿಡಿ."

ಸರ್ಕಾರಿ ನೌಕರನಿಗೆ ಹಾವು ತೋರಿಸಿದರೂ ಹೆದರದೆ ಇರಬಹುದು, ಹಿಂಬರಹ ಕೇಳಿದರೆ ಹೆದರದೆ ಇರಲಾರ. ವೆಂಕಟರವಣಪ್ಪನವರು ಸ್ವಲ್ಪ ಹೊತ್ತು ಆ ನಾಣ್ಯವನ್ನೇ ನೋಡಿದರು. ಆಮೇಲೆ ಅದನ್ನು ಡ್ರಾಯರಿಗೆ ಹಾಕಿಕೊಂಡು, ಬೀರುವಿನಿಂದ ಕೆಂಪು ಲಾಡಿ ಕಟ್ಟಿದ ಕಟ್ಟೊಂದನ್ನು ತಂದು ಮೇಜಿನ ಮೇಲೆ ಕುಕ್ಕಿದರು. ಬಂದಬಂದವರೆಲ್ಲ ನೋಡಿ ಹೋಗುವುದಕ್ಕೆ ಇದೇನು ಬೊಂಬೆ ಕೂರಿಸಿದ್ದಾರಾ ಎಂದು ಗೊಣಗಿದರು. ನಲ್ಲಪ್ಪ ಟಪಾಲು ತೆಗೆದುಕೊಂಡು ಕೋಲಾರಕ್ಕೆ ಹೋಗಿದ್ದ ದಿನ ಯಾವುದೋ ಹೆಂಗಸು ಕೂಡ ತಲೆ ತುಂಬ ಸೆರಗು ಹೊದ್ದು ಬಂದು ರೂಪಾಯಿ ಕಟ್ಟಿ ಕೂತಿದ್ದಳಂತೆ. ಹೆಂಗಸರಿಗೂ ಎಲೆಕ್ಷನ್ ಲೆಕ್ಕದ ಚಪಲ ಹತ್ತಿದರೆ ಈ ದೇಶ ಉದ್ಧಾರವಾದ ಹಾಗೇ ಎಂದರು.

ಕೋನಪ್ಪ ಕನ್ನಡಕ ಏರಿಸಿ ಲಾಡಿ ಬಿಚ್ಚಿದ.

ಗೆದ್ದವನು ಶಿಡ್ಲಘಟ್ಟದ ರೇಷ್ಮೆಗೂಡಿನ ವ್ಯಾಪಾರಿ ಮುನಿಶಾಮಪ್ಪ. ಸೋತವನು ಚಿಂತಾಮಣಿಯ ಮಂಡಿ ಸಾಹುಕಾರ ಆವುಲಪ್ಪ. ಲೆಕ್ಕ ಸಲ್ಲಿಕೆಯಾದ ಹೊಸದರಲ್ಲೇ ಆವುಲಪ್ಪನ ಮಂಡಿ ಗುಮಾಸ್ತ ಎರ್ರಪ್ಪ ಬಂದು, ರೂಪಾಯಿ ಕಟ್ಟಿ, ಎಲ್ಲವನ್ನೂ ನೋಡಿಕೊಂಡು ಹೋಗಿದ್ದ. ಏಳನೇ ಹಾಳೆಯಲ್ಲಿ ಮತದಾರರನ್ನು ಹೇರಿಕೊಂಡು ಬಂದ ಲಾರಿಗಳ ಬಾಡಿಗೆಯೂ ಕೈವಾರದಲ್ಲಿ ಹಾಕಿಸಿದ ಊಟದ ಖರ್ಚೂ ಇತ್ತು, ಕಣ್ಣಾರೆ ಕಂಡೆ ಎಂದು ಪ್ರಮಾಣಪತ್ರ ಮಾಡಿಕೊಟ್ಟಿದ್ದ. ಅದು ನಿಜವಾದರೆ ಮತದಾರರಿಗೆ ಗಾಡಿ, ಊಟ ಕೊಟ್ಟ ತಪ್ಪಿಗೆ ಮುನಿಶಾಮಪ್ಪನ ಗೆಲುವು ಚುನಾವಣಾ ಟ್ರಿಬ್ಯೂನಲ್ಲಿನಲ್ಲಿ ಮಣ್ಣು ಮುಕ್ಕುತ್ತದೆ. ಆದರೆ ಆವುಲಪ್ಪನ ಲಾಯರು ನಕಲು ಕೇಳುವ ಹೊತ್ತಿಗೆ ಏಳನೇ ಹಾಳೆಯೇ ಇರಲಿಲ್ಲ. ನಲ್ಲಪ್ಪನ ಮನೆಯ ನೀರೊಲೆಯಲ್ಲಿ ಸುಟ್ಟ ಕಾಗದದ ಚೂರೊಂದು ಪೊಲೀಸರಿಗೆ ಸಿಕ್ಕಿತು. ಅದರ ಮೇಲೆ ಈ ಕಚೇರಿಯ ಸೀಲಿನ ಅರ್ಧ ವೃತ್ತ ಉಳಿದಿತ್ತು.

ಹಾಳೆಗಳನ್ನು ಬರೆದವರು ಒಬ್ಬರಲ್ಲ. ಒಂದು ಹಾಳೆ ಮುತ್ತು ಪೋಣಿಸಿದ ಹಾಗೆ, ಇನ್ನೊಂದು ಕೋಳಿ ಕೆದಕಿದ ಹಾಗೆ. ಬಾವುಟದ ಬಟ್ಟೆ, ಸುಣ್ಣ, ಕಾವಿ, ಜೀಪಿಗೆ ಪೆಟ್ರೋಲು. ನಾಲ್ಕನೇ ಹಾಳೆಯಲ್ಲಿ ತಮಟೆಯವರಿಗೆ 7 ರೂಪಾಯಿ ಎಂದಿತ್ತು. ಇಡೀ ಕ್ಷೇತ್ರ ಸುತ್ತಿ ಬಾರಿಸಿದವರಿಗೆ ಏಳೇ ರೂಪಾಯಿ ಕೊಟ್ಟ ಮಹಾನುಭಾವ ಶಾಸಕನಾದ ಎಂದುಕೊಂಡ ಕೋನಪ್ಪ. ಹಾಳೆಗೊಂದು ಮೊತ್ತ ಹಾಕಿದ್ದರೇ ಹೊರತು ಎಲ್ಲವನ್ನೂ ಕೂಡಿ ಬರೆದಿರಲಿಲ್ಲ. ಕೂಡಿಸಿ ಕೊಡಿ ಎಂದು ನೋಟೀಸು ಕಳಿಸುವಷ್ಟರಲ್ಲಿ ಈ ರಗಳೆ ಎದ್ದಿತ್ತು.

ಆರನೇ ಹಾಳೆ ಆಯಿತು. ಅದರ ಮುಂದಿನ ಹಾಳೆಯ ನೆತ್ತಿಯ ಮೇಲೆ 6/1 ಎಂದಿತ್ತು. ಅದರಾಚೆ 8.

"ನೋಡಿದ್ರಾ?" ಎಂದರು ಶಿರಸ್ತೇದಾರರು. "ಆರಾಯ್ತು, ಆರರ ಬಾಲ ಆಯ್ತು, ಆಮೇಲೆ ನೇರ ಎಂಟು. ಏಳೆಲ್ಲಿ? ಬೇಲೀನೇ ಎದ್ದು ಹೊಲ ಮೇಯ್ತು."

ಕೋನಪ್ಪ ಆರನೇ ಹಾಳೆಯನ್ನು ಮತ್ತೆ ತಿರುಗಿಸಿ ನೋಡಿದ. ಕೆಳಗೆ ಅರ್ಧ ಹಾಳೆ ಖಾಲಿ ಇತ್ತು. ಇಷ್ಟು ಜಾಗ ಬಿಟ್ಟುಕೊಂಡು ಯಾರಾದರೂ ಬಾಲ ಅಂಟಿಸುತ್ತಾರೆಯೇ? ಆರರಲ್ಲಿ ಇದ್ದದ್ದು ಪೆಟ್ರೋಲು, 6/1ರಲ್ಲಿ ಇದ್ದದ್ದು ಕಾರ್ಯಕರ್ತರಿಗೆ ಕೊಟ್ಟ ಟೀ, ಪುರಿ, ಬೀಡಿ. ಒಂದಕ್ಕೊಂದು ಸಂಬಂಧವೇ ಇಲ್ಲ. ರಟ್ಟಿನ ಮೇಲೆ ಬರೆದ ಹಾಳೆಗಳ ಎಣಿಕೆಯನ್ನೂ ಒಳಗಿನ ಹಾಳೆಗಳನ್ನೂ ತಾಳೆ ನೋಡಿದ. ಸರಿಯಾಗಿತ್ತು.

"ಎಣಿಕೆ ಸರಿ ಐತಲ್ಲ?"

"ಆ ಎಣಿಕೆ ಬರೆದೋನೂ ನಲ್ಲಪ್ಪನೇ ಅಲ್ವಾ?" ಎಂದರು ವೆಂಕಟರವಣಪ್ಪ. "ಸುಟ್ಟೆ ಅಂತ ಅವನೇ ಬಾಯಿಬಿಟ್ಟವ್ನೆ. ನೀವು ಯಾಕೆ ಬಿಸ್ಲಲ್ಲಿ ಅಲೀತೀರ, ಮನೇಗ್ ಹೋಗಿ ಮಲಗಿ ಕೋನಪ್ಪನವರೇ."

ಕೋನಪ್ಪನಿಗೂ ಮಲಗುವ ಆಸೆಯೇ ಇತ್ತು. ಆದರೆ ಆ ಖಾಲಿ ಅರ್ಧ ಹಾಳೆ ಮುಳ್ಳಿನ ಹಾಗೆ ಚುಚ್ಚಿಕೊಂಡಿತ್ತು.

ಮರುದಿನ ಚಿಕ್ಕಬಳ್ಳಾಪುರದಿಂದ ಚಿಂತಾಮಣಿಗೆ ಚಿಕ್ಕ ರೈಲು ಹಿಡಿದ. ಎತ್ತಿನಗಾಡಿಯವನು ಮನಸ್ಸು ಮಾಡಿದರೆ ಹಿಂದೆ ಹಾಕಬಹುದಾದ ರೈಲು ಅದು. ಶಿಡ್ಲಘಟ್ಟ ಬಂದಾಗ ಬೇಯಿಸಿದ ರೇಷ್ಮೆಹುಳುವಿನ ವಾಸನೆ ಡಬ್ಬಿಯೊಳಗೆ ನುಗ್ಗಿತು. ನೆಟ್ಟಗೆ ಇಲ್ಲೇ ಇಳಿದು ಮುನಿಶಾಮಪ್ಪನ ಕೊರಳಪಟ್ಟಿ ಹಿಡಿಯಬಹುದಿತ್ತು. ಹಾಳೆ ಮಾಯವಾದರೆ ಲಾಭ ಅವನಿಗೇ ತಾನೇ? ಆದರೆ ಅವನು ಗೆದ್ದವನು, ಹಾರದ ಮೇಲೆ ಹಾರ ಹಾಕಿಕೊಂಡು ಬೆಂಗಳೂರಿನಲ್ಲಿದ್ದ. ಹಾಳೆಯನ್ನು ಕಣ್ಣಾರೆ ಕಂಡೆ ಎಂದವನು ಎರ್ರಪ್ಪ ಒಬ್ಬನೇ. ಕಂಡದ್ದು ಏನನ್ನು ಎಂದು ಅವನ ಬಾಯಿಂದಲೇ ಕೇಳಬೇಕಿತ್ತು.

ನಿದ್ದೆ ಬರಲಿಲ್ಲ. ಕಾನೂನು ಒಂದು ರೂಪಾಯಿಗೆ ಬಾಗಿಲು ತೆರೆದಿಟ್ಟಿದೆ, ಬಡವನೂ ಬಂದು ದೊಡ್ಡವರ ಲೆಕ್ಕ ನೋಡಲಿ ಎಂದು. ಆ ಬಾಗಿಲಲ್ಲಿ ಕೂತ ಬಡ ಗುಮಾಸ್ತನ ಕೊರಳಿಗೇ ಈಗ ಹಗ್ಗ ಬಿದ್ದಿತ್ತು. ಇಂಥದ್ದನ್ನು ನೋಡಿ ನೋಡಿ ಕೋನಪ್ಪನಿಗೆ ಸಿಟ್ಟು ಬರುವುದೇ ನಿಂತುಹೋಗಿತ್ತು. ಬರೀ ಆಯಾಸವಾಗುತ್ತಿತ್ತು.

ಆವುಲಪ್ಪನ ಮಂಡಿಯ ಅಂಗಳದಲ್ಲಿ ಹುರುಳಿಯ ರಾಶಿ ಬಿದ್ದಿತ್ತು. ರಾಶಿಯ ಮುಂದೆ ಮಂಡಿಯೂರಿ ಕೂತು ಕೊಳಗದಲ್ಲಿ ಅಳೆದು ಚೀಲಕ್ಕೆ ಸುರಿಯುತ್ತಿದ್ದವನೇ ಎರ್ರಪ್ಪ. ಲೆಕ್ಕ ಬರೆಯುವವನೂ ಅವನೇ, ಅಳೆಯುವವನೂ ಅವನೇ. ಬೇರೆ ಕೈಗೆ ಕೊಳಗ ಕೊಡಲು ಸಾಹುಕಾರನಿಗೆ ನಂಬಿಕೆ ಇರಲಿಲ್ಲ. ನಡುವಯಸ್ಸಿನ ಮನುಷ್ಯ, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಅಳೆಯುತ್ತ ತೆಲುಗಿನಲ್ಲಿ ರಾಗವಾಗಿ ಎಣಿಸುತ್ತಿದ್ದ.

"ಲಾಭಂ... ಲಾಭಂ. ರೆಂಡು... ರೆಂಡು. ಮೂಡು..."

ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಈ ಸೀಮೆಯಲ್ಲಿ ತೊಟ್ಟಿಲಲ್ಲಿರುವ ಮಗುವಿಗೂ ಇದು ಗೊತ್ತು. ಕೋನಪ್ಪ ಕಂಬಕ್ಕೆ ಒರಗಿ, ಅವನ ಎಣಿಕೆ ಮುಗಿಯಲಿ ಎಂದು ಕಾದ.

"ಅಯಿದು... ಅಯಿದು. ಆರು... ಆರು. ಆರುನ್ನೊಕ್ಕಟಿ... ಆರುನ್ನೊಕ್ಕಟಿ. ಎನಿಮಿದಿ..."

ಕಂಬಕ್ಕೆ ಒರಗಿದ್ದ ಕೋನಪ್ಪ ನೆಟ್ಟಗೆ ನಿಂತ.

ಗೋಡೆಯ ಪಕ್ಕ ತುಂಬಿದ ಚೀಲಗಳನ್ನು ಸಾಲಾಗಿ ನಿಲ್ಲಿಸಿದ್ದರು. ಒಂದೊಂದರ ಹೊಟ್ಟೆಯ ಮೇಲೂ ಟಾರಿನಲ್ಲಿ ನಂಬರು. 5, 6, ಅದರ ಪಕ್ಕ 6/1, ಅದರ ಪಕ್ಕ 8. ಏಳು ಎಲ್ಲೂ ಇರಲಿಲ್ಲ.

"ಏನಪ್ಪಾ, ಏಳು ಅನ್ನಲ್ವಾ ನೀನು?"

ಎರ್ರಪ್ಪ ತಲೆಯೆತ್ತಿದ. "ಎಲ್ಲಾನ ಉಂಟಾ ಸಾರ್? ಏಳಕ್ಕೆ ತೆಲುಗಲ್ಲಿ ಏಡು ಅಂತಾರೆ. ಏಡು ಅಂದ್ರೆ ಅಳು ಅಂತಾನೂ ಆಯ್ತದೆ. ಕಾಳಿನ ರಾಶಿ ಮುಂದೆ ಕೂತು ಅಳು ಅಳು ಅಂತಾರಾ? ಅದ್ಕೇ ಆರರ ಮೇಲೊಂದು ಅಂತೀವಿ. ನಮ್ಮಪ್ಪ ಹಂಗೇ ಅಂತಿದ್ದ, ನಾನೂ ಹಂಗೇ ಅಂತೀನಿ. ಬರೆಯೋವಾಗ್ಲೂ ಕೈ ಹಂಗೇ ಹೋಯ್ತದೆ."

ಈ ಸೀಮೆಯಲ್ಲೇ ಅರ್ಧ ಆಯಸ್ಸು ಕಳೆದಿದ್ದ ಕೋನಪ್ಪ ಈ ಎಣಿಕೆಯನ್ನು ಅದೆಷ್ಟು ಸಲ ಕೇಳಿದ್ದನೋ ಲೆಕ್ಕವಿಲ್ಲ. ಕೇಳಿಯೂ ಕೇಳದವನ ಹಾಗೆ ಇದ್ದುಬಿಟ್ಟಿದ್ದ. 6/1 ಅಂದರೆ ಆರರ ಬಾಲವಲ್ಲ, ಅದೇ ಏಳು. ಲೆಕ್ಕದ ಹಾಳೆಗಳಿಗೆ ನಂಬರು ಹಾಕಿದವನು ಯಾರೋ ಮಂಡಿಯ ಮನುಷ್ಯ, ಅಳು ಅನ್ನುವ ಅಂಕಿ ಬರೆಯಲು ಮನಸ್ಸು ಬಾರದೆ 6/1 ಎಂದು ಬರೆದಿದ್ದಾನೆ. ಏಳನೇ ಹಾಳೆ ಕಾಣೆಯಾಗಿಲ್ಲ, ಕಟ್ಟಿನಲ್ಲೇ ಇದೆ. ಇಡೀ ಜಿಲ್ಲೆಯ ಪೊಲೀಸರು ಇಲ್ಲದ ಹಾಳೆಯನ್ನು ಹುಡುಕುತ್ತಿದ್ದಾರೆ!

ಬಹಳ ದಿನಗಳ ಮೇಲೆ ಕೋನಪ್ಪನಿಗೆ ಮಂಡಿನೋವು ಮರೆತುಹೋಯಿತು.

ಎರ್ರಪ್ಪ ಕೊಳಗ ಕೆಳಗಿಟ್ಟು, ಸುತ್ತ ನೋಡಿ, ದನಿ ತಗ್ಗಿಸಿದ. "ಸಾರ್, ಜೈಲಲ್ಲಿರೋ ಆ ಗುಮಾಸ್ತರು... ಅವರ ಮನೆಯೋರು ಹೆಂಗವ್ರೆ? ಊಟಗೀಟ ಮಾಡ್ತವ್ರಾ?"

ಮಾಡುತ್ತಿರಬೇಕು ಎಂದ ಕೋನಪ್ಪ. ಒಬ್ಬನನ್ನು ಜೈಲಿಗೆ ಕಳಿಸಿ ಅವನ ಹೆಂಡತಿಯ ಊಟ ವಿಚಾರಿಸುವ ಸೌಜನ್ಯ ಅವನಿಗೆ ವಿಚಿತ್ರವಾಗಿ ಕಂಡಿತು.

"ಸಾಯಂಕಾಲದ ಬಸ್ಸಿಗೇ ತಾನೇ ನೀವ್ ಹೋಗೋದು? ನಾನೂ ಅದ್ಕೇ ಬರ್ತೀನಿ. ಊರಲ್ಲಿ ಸ್ವಲ್ಪ ಕೆಲ್ಸ ಐತೆ. ಪಕ್ಕದಲ್ಲೊಂದು ಸೀಟು ಹಿಡ್ದಿರಿ ಸಾರ್." ಇನ್ನೂ ಏನೋ ಹೇಳುವವನಿದ್ದ. ಅಷ್ಟರಲ್ಲಿ ಒಳಗಿನಿಂದ ಸಾಹುಕಾರರ ಕೆಮ್ಮು ಕೇಳಿಸಿತು.

ಆವುಲಪ್ಪ ಗಾದಿಯ ಮೇಲೆ ದಿಂಬಿಗೊರಗಿ ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದ. ಸೋತ ಮುಖವಲ್ಲ ಅದು. ಬಿತ್ತನೆ ಮುಗಿಸಿ ಮೋಡ ನೋಡುತ್ತ ಕೂತವನ ಮುಖ.

"ಕೂರ್ಚೋಂಡಿ ಇನ್ಸ್‌ಪೆಕ್ಟರ್ ಸಾಹೇಬ್ರೇ. ಪೆನ್ಷನ್ ಬಂದ್ರೂ ನಿಮ್ಗೆ ವಿಶ್ರಾಂತಿ ಇಲ್ಲ."

ಕೋನಪ್ಪ ಕೂತ. ಸುತ್ತು ಬಳಸುವ ತಾಳ್ಮೆ ಅವನಲ್ಲಿ ಉಳಿದಿರಲಿಲ್ಲ.

"ಏಳನೇ ಹಾಳೆ ಕಾಣೆಯಾಗಿಲ್ಲ ಸಾಹುಕಾರ್ರೇ. ಕಟ್ಟಲ್ಲೇ ಐತೆ, ನೆತ್ತಿ ಮೇಲೆ 6/1 ಅಂತ ಬರ್ಕೊಂಡು. ನಿಮ್ಮ ಅಂಗಳದ ಚೀಲದ ಮೇಲೆ ಬರ್ದಿದೆಯಲ್ಲ, ಅದೇ ಥರ. ಅದ್ರಲ್ಲಿ ಲಾರಿ ಇಲ್ಲ, ಊಟ ಇಲ್ಲ. ಬರೀ ಟೀ, ಪುರಿ. ಹಂಗಾದ್ರೆ ನಿಮ್ಮ ಎರ್ರಪ್ಪ ಕಣ್ಣಾರೆ ಕಂಡಿದ್ದೇನು?"

ಸುಣ್ಣ ಸವರುತ್ತಿದ್ದ ಬೆರಳು ಎಲೆಯ ಮೇಲೆ ನಿಂತಿತು. ಆವುಲಪ್ಪ ಅಂಗಳದ ಕಡೆ ನೋಡಿದ, ಚೀಲಗಳ ಕಡೆ, ಆಮೇಲೆ ಎರ್ರಪ್ಪನ ಬೆನ್ನಿನ ಕಡೆ. ನೋಡುವುದಕ್ಕೆ ಅಗತ್ಯಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ.

"ಆರು ಬಟಾ ಒಂದು ಅಂತ ಬರ್ದಿದೆಯಾ?" ಎಂದ ಮೆಲ್ಲಗೆ. ಅವನಿಗೆ ಅದು ಹೊಸ ಸುದ್ದಿಯಾಗಿತ್ತು.

"ನಿಮ್ಮ ಲಾಯರು ಹೇಳಲಿಲ್ವಾ?"

"ಲಾಯರು ಬೆಂಗಳೂರಿನೋನು. ಏಳಿಲ್ಲ ಅಂದ, ಅಷ್ಟೇ." ಆವುಲಪ್ಪ ಎಲೆಯನ್ನು ಮಡಿಸಿ ಬಾಯಿಗಿಟ್ಟುಕೊಂಡ. ದನಿ ಮತ್ತೆ ಮೊದಲಿನ ಹಾಗಾಯಿತು. "ಈ ಸೀಮೇಲಿ ಆರುನ್ನೊಕ್ಕಟಿ ಅನ್ನೋರು ನನ್ನ ಮಂಡೀಲಿ ಮಾತ್ರ ಅವ್ರಾ ಸಾಹೇಬ್ರೇ? ಶಿಡ್ಲಘಟ್ಟದ ಸಂತೇಲಿ ಕೇಳಿ, ಅಲ್ಲೂ ಅಂತಾರೆ. ಅದಿರ್ಲಿ. ಏಳನೇ ಹಾಳೆ ಇರ್ಲೇ ಇಲ್ಲ ಅಂತೀರಿ. ನೀರೊಲೇಲಿ ಸಿಕ್ಕಿದ್ದು ಏನು? ಸುಟ್ಟೆ ಅಂತ ಆ ಗುಮಾಸ್ತ ಒಪ್ಕೊಂಡಿದ್ದು ಏನನ್ನ? ಅವನನ್ನೇ ಹೋಗಿ ಕೇಳಿ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವನು ಎದ್ದು ಹೊಸಲು ದಾಟುವಾಗ ಹಿಂದಿನಿಂದ ಆವುಲಪ್ಪನ ದನಿ ಕೇಳಿಸಿತು. ಅಳತೆ ಸಾಕು, ಮುಂಬಾಗಿಲು ಹಾಕಿ ಒಳಗೆ ಬಾ ಎಂದು ಎರ್ರಪ್ಪನನ್ನು ಕರೆಯುತ್ತಿದ್ದ. ಹಾಡುಹಗಲಲ್ಲಿ ಮಂಡಿಯ ಬಾಗಿಲು ಹಾಕುವುದೇಕೆ ಎಂದು ಕೋನಪ್ಪನಿಗೆ ಅನ್ನಿಸಿತು. ಬಿಸಿಲಿನಲ್ಲಿ ಬಸ್‌ಸ್ಟ್ಯಾಂಡಿನವರೆಗೆ ನಡೆಯುವಷ್ಟರಲ್ಲಿ ಮರೆತ.

ಸಾಯಂಕಾಲದ ಬಸ್ಸಿನಲ್ಲಿ ಪಕ್ಕದ ಸೀಟಿನ ಮೇಲೆ ಟವೆಲು ಹಾಸಿ ಕಾದ. ಎರ್ರಪ್ಪ ಬರಲಿಲ್ಲ. ಸಾಹುಕಾರರು ಬಿಟ್ಟಿರಲಿಕ್ಕಿಲ್ಲ. ಟವೆಲನ್ನು ಅಲ್ಲೇ ಬಿಟ್ಟು ಕೋನಪ್ಪ ಕಣ್ಣು ಮುಚ್ಚಿದ.

ಸಬ್‌ಜೈಲಿನ ಮುಂದೆ ಇಳಿದಾಗ ಇನ್ನೂ ಬೆಳಕಿತ್ತು. ಹುಣಸೆಮರದ ಬುಡದಲ್ಲಿ ಕೊಂಡಮ್ಮ ಊಟದ ಕ್ಯಾರಿಯರ್ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಎದ್ದು ನಿಂತಳು. ಕೋನಪ್ಪ ಬರುತ್ತೀನಿ ಇರಮ್ಮ ಎಂದು ಕೈಸನ್ನೆ ಮಾಡಿ ಒಳಗೆ ಹೋದ. ಹಳೆಯ ಪರಿಚಯಕ್ಕೆ ಜೈಲರು ಮಾತಾಡಲು ಬಿಟ್ಟರು.

ನಲ್ಲಪ್ಪ ಕಂಬಿಯ ಆಚೆ ಗೋಡೆಗೊರಗಿ ಕೂತಿದ್ದ. ನಗರಗೆರೆಯ ಕಡೆಯ ಮನುಷ್ಯ, ಮೈಯೆಲ್ಲ ಮೂಳೆ. ಕೋನಪ್ಪ 6/1ರ ಕಥೆಯನ್ನೆಲ್ಲ ಹೇಳಿದ. ಏಳನೇ ಹಾಳೆ ಕಾಣೆಯೇ ಆಗಿಲ್ಲ, ಇಲ್ಲದ ಹಾಳೆಯನ್ನು ಯಾರೂ ಸುಡಲು ಬರುವುದಿಲ್ಲ, ನಾಳೆ ಮ್ಯಾಜಿಸ್ಟ್ರೇಟರ ಮುಂದೆ ನಿಜ ಹೇಳಿಬಿಡು, ಮನೆಗೆ ಹೋಗಬಹುದು ಎಂದ. ನಲ್ಲಪ್ಪನ ಮುಖದಲ್ಲಿ ಸಂತೋಷ ಕಾಣಲಿಲ್ಲ. ಇನ್ನಷ್ಟು ಹೆದರಿಕೆ ಕಂಡಿತು.

"ಬೇಡಿ ಸಾರ್. ನಾನೇ ಸುಟ್ಟೆ ಅಂತ ಇರ್ಲಿ. ಹಂಗೇ ಬಿಟ್ಬಿಡಿ."

"ಒಲೇಲಿ ಸುಟ್ಟಿದ್ದು ಯಾವ ಕಾಗದ?"

ನಲ್ಲಪ್ಪ ಕಂಬಿಯ ಹತ್ತಿರಕ್ಕೆ ಸರಿದ. ಆಮೇಲೆ ಹೇಳಿದ. ಟಪಾಲು ಕೊಟ್ಟು ಕೋಲಾರದಿಂದ ಬಂದ ಮೇಲೆ, ತಾನಿಲ್ಲದ ದಿನ ಲೆಕ್ಕ ನೋಡಲು ಬಂದವರ ಅರ್ಜಿಗಳನ್ನು ಕಡತಕ್ಕೆ ಸೇರಿಸುತ್ತಿದ್ದ. ಒಂದು ಅರ್ಜಿ ಕೈಗೆ ಬಂತು. ಒಂದು ರೂಪಾಯಿ ಕಟ್ಟಿದ್ದೇನೆ, ಮುನಿಶಾಮಪ್ಪನವರ ಲೆಕ್ಕ ತೋರಿಸಬೇಕು ಎಂದಿತ್ತು. ಕೆಳಗೆ ಸ್ವೀಕರಿಸಿದ ಸೀಲು, ಅದರ ಪಕ್ಕ ರುಜು.

"ನನ್ನ ಹೆಂಡ್ತಿ ರುಜು ಸಾರ್. ನಾನೇ ಕಲಿಸಿದ್ದು."

ಕೋನಪ್ಪ ಕಂಬಿ ಹಿಡಿದುಕೊಂಡ. "ಕೇಳಲಿಲ್ವಾ ಅವಳನ್ನ?"

"ಕೇಳಿದ್ರೆ ಹೇಳ್ತಾಳೆ ಸಾರ್. ಹೇಳಿದ ಮೇಲೆ ನಾನೇನ್ ಮಾಡ್ಲಿ? ನಲ್ಲಪ್ಪ ಹೆಂಡ್ತೀನ ಕಳಿಸಿ ಲೆಕ್ಕ ಮಾರ್ಕೊಂಡ ಅಂತಾರೆ ಅಂತ ಅರ್ಜಿ ಮನೇಗ್ ತಂದು ಒಲೆಗೆ ಹಾಕ್ದೆ. ಆಮೇಲೆ ಹಾಳೆ ಕಾಣ್ತಿಲ್ಲ ಅಂದ್ರು. ಅವಳ ಹೆಸರು ಬರೋಕ್ ಮುಂಚೆ ನಾನೇ ಅಂದ್ಬಿಟ್ಟೆ."

ಆಫೀಸಿನ ರೂಲು, ಶುಲ್ಕದ ಮಾತೆಲ್ಲ ಮನೆಯಲ್ಲಿ ಆಡುತ್ತಿದ್ದೆಯಾ ಎಂದು ಕೋನಪ್ಪ ಕೇಳಿದ. ಒಂದು ದಿನವೂ ಆಡಿಲ್ಲ ಎಂದ ನಲ್ಲಪ್ಪ.

ಕೋನಪ್ಪ ಹೊರಗೆ ಬಂದ. ಸೆರಗಿನ ಗಂಟಿನಿಂದ ಬಂದ ಆ ರೂಪಾಯಿ ಅವನ ಕಣ್ಣಮುಂದೆ ಇತ್ತು. ಆ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಈಗ ಕೇಳಬೇಕಿತ್ತು.

"ಬಿಟ್ಬಿಡ್ತಾರಾ ಸ್ವಾಮಿ?"

"ಬಿಡಬಹುದು. ಅದಕ್ಕೆ ಮುಂಚೆ ನೀನೊಂದು ಹೇಳ್ಬೇಕು ತಾಯಿ. ಆ ಲೆಕ್ಕದಲ್ಲಿ ಏನು ನೋಡಕ್ಕೆ ಹೋಗಿದ್ದೆ?"

ಅವಳು ಅಳಲಿಲ್ಲ, ಸುಳ್ಳೂ ಹೇಳಲಿಲ್ಲ. ಇಷ್ಟು ದಿನ ಯಾರಾದರೂ ಕೇಳಲಿ ಎಂದೇ ಕಾದಿದ್ದವಳ ಹಾಗೆ ಕ್ಯಾರಿಯರನ್ನು ನೆಲದ ಮೇಲಿಟ್ಟಳು.

"ನಾನು ನೋಡಕ್ಕೆ ಹೋಗಿರ್ಲಿಲ್ಲ ಸ್ವಾಮಿ. ಒಂದು ಹಾಳೆ ತೆಗ್ದು, ಅದರ ಜಾಗದಲ್ಲಿ ಇನ್ನೊಂದು ಇಟ್ಟು ಬಾ ಅಂದ. ಎಣಿಸ್ತಾರೆ, ಲೆಕ್ಕ ಸರಿ ಇರ್ಬೇಕು, ನಿಮ್ಮೆಜಮಾನ್ರಿಗೆ ಏನೂ ಆಗಲ್ಲ ಅಂದ. ಶಿರಸ್ತೇದಾರ್ರು ಟೀ ಕುಡಿಯಕ್ ಎದ್ದಾಗ ಇಟ್ಟು ಬಂದೆ."

ತಮಟೆಯವರ 7 ರೂಪಾಯಿ ಕೋನಪ್ಪನಿಗೆ ಆಗ ನೆನಪಾಯಿತು. ನಾಲ್ಕನೇ ಹಾಳೆಯಲ್ಲಿ ಯಾರ ಹಂಗೂ ಇಲ್ಲದೆ ಏಳು ಎಂದೇ ಬರೆದಿತ್ತು. ಆ ಲೆಕ್ಕ ಬರೆದವರಿಗೆ ಏಳರ ಭಯ ಇರಲೇ ಇಲ್ಲ. ಮಂಡಿಯ ಕೈ ಬರೆದದ್ದು ಒಂದೇ ಒಂದು ಹಾಳೆಯನ್ನು, ಆಮೇಲೆ ತಂದಿಟ್ಟ ಹಾಳೆಯನ್ನು. ಏಳನೇ ಹಾಳೆ ಇತ್ತು. ಲಾರಿಯೂ ಇತ್ತು, ಊಟವೂ ಇತ್ತು. ನಾಳೆ ಕೋರ್ಟಿನಲ್ಲಿ ಹೇಳಬೇಕೆಂದಿದ್ದ ಮಾತು ಪೂರ್ತಿ ಸುಳ್ಳಾಗಿತ್ತು.

"ಯಾರು ಅಂದಿದ್ದು?"

"ನಮ್ಮಣ್ಣ. ಸಾಹುಕಾರ್ರ ಮಾತು ಮೀರಕ್ಕಾಗಲ್ಲ ಅಂತ ಕಾಲು ಹಿಡ್ಕೊಂಡ. ಚಿಂತಾಮಣಿ ಮಂಡೀಲಿ ಅಳೀತಾನಲ್ಲ, ಎರ್ರಪ್ಪ. ದುಡ್ಡು ಕೊಟ್ರೆ ಹಾಳೆ ನಿಮ್ಗೆ, ಇಲ್ದಿದ್ರೆ ಕೋರ್ಟಿಗೆ ಅಂತ ಗೆದ್ದೋರಿಗೆ ಅದನ್ನ ತೋರ್ಸಿ ಬೆಲೆ ಕಟ್ತಾವ್ರಂತೆ ಸಾಹುಕಾರ್ರು."

ಕೋನಪ್ಪ ಮರದ ಬೇರಿನ ಮೇಲೆ ಕೂತುಬಿಟ್ಟ. ಆ ಕೈ ಯಾವ ಮಂಡಿಯದು, ಆ ಅಂಕಿ ಯಾವ ಅಂಗಳದ್ದು ಎಂದು ಮಧ್ಯಾಹ್ನ ಅವನೇ ಸಾಹುಕಾರನ ಮುಂದೆ ಬಿಡಿಸಿ ಹೇಳಿ ಬಂದಿದ್ದ. ಇನ್ನು ಎರ್ರಪ್ಪನೇ ಆವುಲಪ್ಪನನ್ನು ಹಿಡಿದುಕೊಡುವ ಸಾಕ್ಷಿ. ಅದು ಆವುಲಪ್ಪನಿಗೂ ಆಗಲೇ ಗೊತ್ತಾಗಿತ್ತು.

"ನೀವ್ ಇನ್ನೇನೂ ಮಾಡೋದ್ ಬೇಡ ಸ್ವಾಮಿ," ಎಂದಳು ಕೊಂಡಮ್ಮ. ಎಷ್ಟೋ ದಿನಗಳ ಮೇಲೆ ಅವಳ ದನಿಯಲ್ಲಿ ಸ್ವಲ್ಪ ಜೀವ ಬಂದಿತ್ತು. "ಅಣ್ಣಂಗೂ ನಿದ್ದೆ ಹತ್ತಿಲ್ವಂತೆ. ಸಾಹುಕಾರ್ರ ಪೆಟ್ಟಿಗೆಯಿಂದ ಆ ಹಾಳೆ ತೆಗ್ದಿಟ್ಕೊಂಡವ್ನೆ. ಇವತ್ತು ಸಾಯಂಕಾಲದ ಬಸ್ಸಲ್ಲಿ ತಂದು ಕೊಡ್ತೀನಿ, ನಾಳೆ ಕೋರ್ಟಲ್ಲಿ ನಾನೇ ನಿಂತ್ಕೋತೀನಿ ಅಂತ ಹೇಳಿ ಕಳಿಸವ್ನೆ. ನೀವೂ ಅದೇ ಬಸ್ಸಲ್ಲಿ ಬಂದ್ರಲ್ಲ, ಕಾಣಿಸಿದ್ನಾ?"

ಕೋನಪ್ಪ ಹಿಡಿದಿದ್ದ ಸೀಟು ಚಿಕ್ಕಬಳ್ಳಾಪುರದವರೆಗೂ ಖಾಲಿಯಾಗಿಯೇ ಬಂದಿತ್ತು.